ಖರಾದಿಗೆ ಖರಾಬ್ ಎಂದು ಬರೆದವನು

ಮೊನ್ನೆ ಸಂದೂಕದಲ್ಲಿ ಏನೋ ಹುಡುಕುವಾಗ ಕಂಚಿನ ಬಳೆಯೊಂದು ಕೈಗೆ ಸಿಕ್ಕಿತು. ತೊಡುವ ಬಳೆಯಲ್ಲ, ಬೆರಳು ದಪ್ಪದ್ದು, ಒಳಮೈಯೆಲ್ಲ ಕನ್ನಡಿಯಷ್ಟು ನಯ. ಮೂಗಿಗೆ ಹಿಡಿದೆ. ಸುಟ್ಟ ಹರಳೆಣ್ಣೆಯ ವಾಸನೆ ಇನ್ನೂ ಇದ್ದಂತಿತ್ತು... ಇಷ್ಟು ವರ್ಷಗಳ ಮೇಲೂ ಮೈಯೆಲ್ಲ ಉರಿಯಿತು.

ಆಗ ನಿಜಾಮರ ರಾಜ್ಯ. ನಾನು ಮಕ್ತಲ್ ಕಡೆಯ ಜಾಗೀರದಾರರೊಬ್ಬರ ದೇವಡಿಯಲ್ಲಿ, ಅಂದರೆ ವಾಡೆಯಲ್ಲಿ, ಮುನ್ಷಿ, ಉರ್ದುವಿನಲ್ಲಿ ಬರೆದು ಹೊಟ್ಟೆ ಹೊರೆಯುವವನು. ಈ ಬಳೆ ಕೊಟ್ಟ ಮಿಸ್ತ್ರಿ ನಾರಾಯಣಪೇಟೆಯವರು. ನೇಕಾರರ ರಾಟೆಗೆ ಕಬ್ಬಿಣದ ಕದಿರು ಮಾಡಿಕೊಡುತ್ತಿದ್ದರು. ಅರದಿಂದ ಉಜ್ಜಿ ಮಾಡಿದ ಕದಿರು ಎಷ್ಟೆಂದರೂ ಕೊಂಚ ಓಲಾಡುತ್ತದೆ. ಓಲಾಡಿದರೆ ರೇಷ್ಮೆಯ ಎಳೆ ಹರಿಯುತ್ತದೆ. ಹರಿದಾಗಲೆಲ್ಲ ಹೆಂಗಸರು ಮಿಸ್ತ್ರಿಗೆ ಶಾಪ ಹಾಕುತ್ತಿದ್ದರು. ಸಾಲದ್ದಕ್ಕೆ ಮಿಸ್ತ್ರಿಯ ಕಣ್ಣೂ ಮಂಜಾಗುತ್ತಿತ್ತು.

ಒಮ್ಮೆ ದೇವಡಿಯ ಬಾಗಿಲ ಅಗಳಿ ಸರಿಮಾಡಲು ಬಂದವರು ಕುದುರೆ ಲಾಯದಲ್ಲಿ ನಿಂತೇಬಿಟ್ಟರು. ಅಲ್ಲಿ ತುಕ್ಕು ಹಿಡಿದ ಉದ್ದನೆಯದೊಂದು ಯಂತ್ರ ಬಿದ್ದಿತ್ತು. ಉದ್ದಕ್ಕೂ ಇದ್ದ ತಿರುಪನ್ನು ನೋಡಿ ಎಲ್ಲರೂ ಅದನ್ನು ಶಾವಿಗೆ ಒತ್ತುವ ಯಂತ್ರ ಎಂದುಕೊಂಡಿದ್ದೆವು. ಮಿಸ್ತ್ರಿ ತಿರುಪಿನ ಸುತ್ತುಗಳನ್ನು ಉಗುರಿನಿಂದ ಎಣಿಸಿದರು.

"ಇದು ಶಾವಿಗಿ ಮಶೀನ್ ಅಲ್ರೀ ಮುನ್ಷಿಯವರ, ಖರಾದ್ ಐತಿ. ಕಬ್ಬಿಣ ತಿರುಗಿಸಿ ಕೆತ್ತೋದು. ನನಗ ಕೊಡ್ತೀರೇನ್ರಿ?"

ಪೇಷ್ಕಾರ, ಅಂದರೆ ದೇವಡಿಯ ಕಾರಭಾರಿ, "ಹಾಳ್ ಕಬ್ಬಿಣ, ಒಯ್ಯಲಿ ಬಿಡು" ಎಂದ. ಮಿಸ್ತ್ರಿ ಅಷ್ಟು ಹೇಳಿದ್ದರೂ ನಾನು ಪೇಷ್ಕಾರನ ಮಾತನ್ನೇ ಹಿಡಿದು, ‘ಖರಾಬ್ ಮಶೀನ್, ಒಂದು, ಮಿಸ್ತ್ರಿಗೆ ಕೊಡಲಾಗಿದೆ’ ಎಂದು ಚೀಟಿ ಬರೆದೆ. ಉರ್ದುವಿನಲ್ಲಿ ಖರಾದ್, ಖರಾಬ್ ಎರಡಕ್ಕೂ ಕೊನೆಯ ಅಕ್ಷರವೊಂದೇ ಬೇರೆ. ಆ ಒಂದಕ್ಷರ ಬರೆಯಲು ನನ್ನ ಕೈಗೆ ಏನು ರೋಗ ಬಂದಿತ್ತೋ!

ಎರಡು ಬೇಸಿಗೆ ದುಡಿದರು ಪುಣ್ಯಾತ್ಮ. ಯಂತ್ರದ ಮೈಮೇಲಿನ ಉಬ್ಬಕ್ಷರಗಳ ಮೇಲೆ ಕಾಗದವಿಟ್ಟು ಇದ್ದಲಿಂದ ಉಜ್ಜಿ, ಅದನ್ನು ಕೃಷ್ಣಾ ಸ್ಟೇಷನ್ನಿನ ಮಾಸ್ತರರಿಗೆ ತೋರಿಸಿ ಬಂದರು. ವಿಲಾಯತಿಯ ಊರೊಂದರ ಹೆಸರಷ್ಟೇ ಉಳಿದಿತ್ತು. ಮಾಡಿದವರ ಹೆಸರನ್ನು ತುಕ್ಕು ತಿಂದಿತ್ತು. ಚಿಮಣಿ ಎಣ್ಣೆಯಲ್ಲಿ ನೆನೆಸಿ ಒಂದೊಂದೇ ಬಿಡಿಭಾಗ ಬಿಚ್ಚಿದರು. ಹನುಮಪ್ಪನಿಗೆ ಹಚ್ಚುವ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಗಾಜಿನ ಹಲಗೆಗೆ ಬಳಿದು, ಯಂತ್ರದ ಮೈಗೆ ಒತ್ತುತ್ತಿದ್ದರು. ಕೆಂಪು ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಷ್ಟನ್ನೇ ಹೆರೆಯುವುದು, ಮತ್ತೆ ಒತ್ತುವುದು. ತಿರುಗುವ ಕಂಬಿಯನ್ನು ಹಿಡಿದಿಡುವ ಬಳೆ ಸವೆದು ಹೋಗಿತ್ತು. ಹೊಸದನ್ನು ಮನೆಯ ಕಂಚಿನ ತಂಬಿಗೆ ಕರಗಿಸಿ ತಾವೇ ಎರಕ ಹೊಯ್ದರು.

ಕಾಲಲ್ಲಿ ತುಳಿದಾಗ ಅದು ತಿರುಗಿತು ನೋಡಿ, ಸದ್ದೇ ಇಲ್ಲ! ಮೊದಲ ಕದಿರನ್ನು ರಾಟೆಗೆ ಹಾಕಿದ ಮುದುಕಿ ಸಂಜೆಯವರೆಗೆ ಒಂದೆಳೆಯೂ ಹರಿಯಲಿಲ್ಲವೆಂದು ಮಿಸ್ತ್ರಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸುದ್ದಿ ದೇವಡಿಗೆ ಮುಟ್ಟಿತು. ಬರುವ ಮೆಹಮಾನರಿಗೆ ತೋರಿಸಲು ದೀವಾನಖಾನೆಯಲ್ಲಿ ಅದು ಬೇಕಂತೆ! ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಪೇಷ್ಕಾರ ನನ್ನನ್ನೂ ಕರೆದುಕೊಂಡು ಬಂಡಿ ಕಟ್ಟಿಸಿ ಬಂದ. ಮಿಸ್ತ್ರಿ ಚೀಟಿ ತೋರಿಸಿದರೆ, ನನ್ನಿಂದಲೇ ಓದಿಸಿದ. ಖರಾಬ್ ಮಶೀನ್, ಒಂದು... ಓದಿದೆ.

"ಕೇಳಿದೇನು? ನಾವು ಕೊಟ್ಟಿದ್ದು ಖರಾಬ್ ಮಶೀನ್. ಇದು ಚಲೋ ತಿರುಗಾಕತ್ತೈತಿ. ಅಂದ್ರ ಇದು ಅದಲ್ಲ. ಖರಾಬ್ ಇದ್ದದ್ದು ನಿಂದು, ಇದು ನಮ್ದು."

ಮಿಸ್ತ್ರಿ ಅವನ ಕಡೆ ನೋಡಲೂ ಇಲ್ಲ. "ಮುನ್ಷಿಯವರ, ನೀವ ಬರೆದೀರಿ. ನೀವ ಹೇಳ್ರಿ, ಇದ ಅಲ್ಲೇನ್ರಿ ಅದು?"

‘ಹೌದು’ ಎನ್ನಬೇಕಿತ್ತು. ಒಂದೇ ಮಾತು. ನೌಕರಿಯ ಹೆದರಿಕೆಗೆ ನನ್ನ ಹಾಳು ಬಾಯಿ ತೆರೆಯಲಿಲ್ಲ.

"ಎಣ್ಣಿ ಬಿಟ್ಟು ಕೊಡ್ತೀನ್ರಿ" ಎಂದು ಮಿಸ್ತ್ರಿ ಒಳಗೆ ಹೋದರು. ಪೇಷ್ಕಾರ ಬೇವಿನ ನೆರಳಲ್ಲಿ ಪಾನ್ ಜಗಿಯುತ್ತ ಕೂತ. ಬಂಡಿ ಹೊರಟಾಗ ಮಿಸ್ತ್ರಿ ನನ್ನ ಕೈಯಲ್ಲಿ ಈ ಬಳೆಯಿಟ್ಟು ಮೆಲ್ಲಗೆ ಅಂದರು: "ನಾ ಮಾಡಿದ್ದಷ್ಟ ತಗದೀನ್ರಿ. ಈಗ ಖರಾಬ್ ಆತು. ನಿಮ್ಮ ಚೀಟಿ ಖರೇ ಆತು."

ಮೆಹಮಾನರ ಮುಂದೆ ತುಳಿದಾಗ ಯಂತ್ರ ಗಡಗಡ ಎಂದು ನಿಂತುಬಿಟ್ಟಿತು. "ಖರಾಬ್ ಮಶೀನ್! ಕುದುರಿ ಲಾಯಕ್ಕ ಹಾಕ್ರೋ" ಎಂದು ಪೇಷ್ಕಾರನೇ ಕೂಗಿದ. ಅವನ ಬಾಯಿಂದಲೇ ಬಂದಿತ್ತು! ಆಗಲಾದರೂ ಅವನಿಗೆ ಚೀಟಿಯ ಮಾತು ನೆನಪಿಸಿ, ಇದು ಮಿಸ್ತ್ರಿಯದು ಎನ್ನಬಹುದಿತ್ತು. ಅನ್ನಲಿಲ್ಲ. ಕೊನೆಗೆ ಧೈರ್ಯ ಬಂದು ಬಳೆ ಹಿಡಿದು ಹುಡುಕಿಕೊಂಡು ಹೋದಾಗ ಅವರು ನಾರಾಯಣಪೇಟೆ ಬಿಟ್ಟಿದ್ದರು. ಗದ್ವಾಲದಲ್ಲಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಅಲ್ಲಿ ಮತ್ತೆ ಅರ ಹಿಡಿದು ಕದಿರು ಉಜ್ಜುತ್ತಿದ್ದರಂತೆ... ನಾನು ಹೋಗುವುದಕ್ಕೆ ತಿಂಗಳ ಮುಂಚೆ ತೀರಿಕೊಂಡಿದ್ದರು.

ದೇವಡಿ ಹೋಯಿತು, ಪೇಷ್ಕಾರನೂ ಹೋದ, ಸಿಟ್ಟು ಮಾತ್ರ ಹೋಗಿಲ್ಲ. ಅದರಲ್ಲಿ ಅವನ ಪಾಲು ಕಮ್ಮಿ, ನನ್ನ ಪಾಲೇ ಹೆಚ್ಚು. ಕಾಗದ ಹಾರದಿರಲೆಂದು ಮೊಮ್ಮಗಳು ಬಳೆಯನ್ನು ನನ್ನ ಮೇಜಿನ ಮೇಲಿಟ್ಟಿದ್ದಾಳೆ. ಅದರಡಿ ಯಾವ ಕಾಗದವಿದ್ದರೂ ನನಗೆ ಕಾಣುವುದು ಆ ಚೀಟಿಯೇ.