ಆಯಿಯ ಜಪ ಮತ್ತು ಮುಂದಿನ ಎಡಗಾಲಿ

ನಮ್ಮ ಅಪ್ಪನ ಎದುರು ಎರಡು ವಿಷಯಗಳಲ್ಲಿ ಯಾರೂ ತುಟಿ ಬಿಚ್ಚುವ ಹಾಗಿರಲಿಲ್ಲ. ಒಂದು ಆತನ ದ್ರಾಕ್ಷಿ ತೋಟ, ಇನ್ನೊಂದು ಆತನ ಸೆಕೆಂಡ್ ಹ್ಯಾಂಡ್ ಕಾರು. ತೋಟಕ್ಕೆ ರೋಗ ಬಿದ್ದಿದೆ ಎಂದರೆ ಒಂದಿಷ್ಟಾದರೂ ಕೇಳಿಸಿಕೊಳ್ಳುತ್ತಿದ್ದ. ಕಾರಿಗೆ ಹೆಸರಿಟ್ಟರೆ, ಅಂದರೆ ಏನಾದರೂ ಕುಂದು ತೆಗೆದರೆ ಮಾತ್ರ ಆ ದಿನವೆಲ್ಲ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ಇದು ಎಂಬತ್ತರ ದಶಕದ ಕೊನೆಯ ಮಾತು. ಅಥಣಿ ಕಡೆಯ ನಮ್ಮ ಹಳ್ಳಿಯಲ್ಲಿ ಕಾರಿದ್ದ ಮನೆ ನಮ್ಮದೊಂದೇ.

ಕಾರಿನ ಮುಂದಿನ ಎಡಗಡೆಯ ಸೀಟು ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಜೈನರ ಮನೆಯ ಹಳೇ ಜೀವ. ಕಾರು ಹೊರಟಿತೆಂದರೆ ಕಣ್ಣು ಮುಚ್ಚಿ, ಸೆರಗಿನೊಳಗೆ ಜಪಮಾಲೆ ಹಿಡಿದು ಕೂರುತ್ತಿದ್ದಳು. ಆ ಬೇಸಿಗೆಯಲ್ಲಿ ಆಕೆಯ ಕಡೆಯಿಂದ ಗುಂಯ್ ಎಂಬ ಸಣ್ಣ ದನಿ ಕೇಳತೊಡಗಿತು. ವಯಸ್ಸಾಯಿತು, ಮನಸ್ಸಿನೊಳಗಿನ ಜಪ ಈಗ ಬಾಯಿಗೆ ಬರುತ್ತಿದೆ ಎಂದುಕೊಂಡೆವು.

ಕಾರು ಜೋರಾದರೆ ಜಪವೂ ಜೋರಾಗುತ್ತಿತ್ತು. ಬಲಕ್ಕೆ ತಿರುಗಿದರೆ ಇನ್ನೂ ಏರುತ್ತಿತ್ತು, ಎಡಕ್ಕೆ ತಿರುಗಿದರೆ ತಟ್ಟನೆ ಇಳಿಯುತ್ತಿತ್ತು. ಅದಕ್ಕೂ ಅಪ್ಪನ ಹತ್ತಿರ ಕಾರಣ ಸಿದ್ಧವಿತ್ತು.

"ಬಲಕ್ಕ ಹೊಳ್ಳಿಸಿದ್ರ ಅವ್ವ ಬಾಗಲಾ ಕಡೆ ವಾಲತಾಳ. ಅಂಜಿಕಿ ಬರತೈತಿ, ದೇವರನ್ನ ಜೋರ ನೆನಸ್ತಾಳ," ಎಂದು ಹಿಂದೆ ಕೂತ ನನಗೆ ಪಿಸುಗುಟ್ಟಿ, ವೇಗ ಕಡಿಮೆ ಮಾಡುತ್ತಿದ್ದ. ಜಪ ಇಳಿಯುತ್ತಿತ್ತು. ತಾಯಿಯ ಮನಸ್ಸು ಬಲ್ಲ ಮಗನೆಂದು ಆತ ಬೀಗುತ್ತಿದ್ದ. ಜಪಕ್ಕೆ ಕೂತವರನ್ನು ನಡುವೆ ಮಾತಾಡಿಸಬಾರದು ಎಂಬುದು ನಮ್ಮ ಮನೆಯ ರೂಢಿಯಾದ್ದರಿಂದ ಆಕೆಯನ್ನೇ ಕೇಳುವ ಮಾತೂ ಬರಲಿಲ್ಲ.

ಆ ಚತುರ್ದಶಿಯ ದಿನ ಆಯಿಗೆ ಒಪ್ಪತ್ತು. ಒಂದೇ ಸಲ ಕೂತು ಉಣ್ಣಬೇಕು, ನೀರನ್ನೂ ಆಗಲೇ ಕುಡಿಯಬೇಕು, ಅದೆಲ್ಲ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು. ಚಿಕ್ಕೋಡಿಯಲ್ಲಿದ್ದ ಆಕೆಯ ತಂಗಿಗೂ ಅದೇ ವ್ರತ. ತಂಗಿ ದೊಡ್ಡ ಬೇನೆ ಬಿದ್ದು, ಸಾಯುತ್ತಾಳೆ ಎಂದವರ ಬಾಯಿ ಮುಚ್ಚಿಸಿ ಎದ್ದು ಕೂತಿದ್ದಳು. ಈ ಸಲ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣೋಣ, ನೀನು ಬರುವ ತನಕ ನಾನೂ ಉಣ್ಣುವುದಿಲ್ಲ ಎಂದು ಹೇಳಿ ಕಳಿಸಿದ್ದಳು. ಆಯಿ ಬೆಳಿಗ್ಗೆಯಿಂದಲೇ ಹೊಸ ಸೀರೆ ಉಟ್ಟು ಕೂತಿದ್ದಳು.

ಮಧ್ಯಾಹ್ನ ಹೊರಟೆವು. ಕೃಷ್ಣಾ ಹೊಳೆಯ ಈಚೆಯ ಊರಿನಲ್ಲಿ ಆಯಿ ಬಸದಿಯ ದರ್ಶನಕ್ಕೆ ಇಳಿದಳು. ಅಷ್ಟರೊಳಗೆ ಪೆಟ್ರೋಲು ಹಾಕಿಸಿ ಬರೋಣವೆಂದು ನಾನೂ ಅಪ್ಪನೂ ಹೊರಟೆವು. ರಸ್ತೆ ಬಯಲಾಗಿತ್ತು, ಅಪ್ಪ ಕಾಲು ಒತ್ತಿದ. ಗುಂಯ್ ಎಂದಿತು. ಅಪ್ಪ ರೂಢಿಯಂತೆ ವೇಗ ಇಳಿಸಿದ. ಆಮೇಲೆ ಖಾಲಿ ಸೀಟಿನ ಕಡೆ ನೋಡಿದ.

"ಅವ್ವ ಬಸದ್ಯಾಗ ಅದಾಳ," ಎಂದ ಬಹಳ ನಿಧಾನವಾಗಿ. "ಮತ್ತ ಜಪಾ ಯಾರ ಮಾಡಾಕತ್ತಾರ?"

ನಾನು ನಕ್ಕ ನಗುವಿಗೆ ಆತ ಇವತ್ತಿಗೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಬಸದಿಯಿಂದ ಬಂದ ಆಯಿಯನ್ನು ಕೇಳಿದರೆ ಆಕೆಗೆ ಆಶ್ಚರ್ಯ. "ನಾ ಮನಸಿನ್ಯಾಗ ಜಪಾ ಮಾಡಾಕಿಪಾ. ಈ ದನಿ ಭಾಳ ದಿನದಿಂದ ಕೇಳಾಕತ್ತೀನಿ. ಗಾಡಿಗೆ ಹೆಸರಿಟ್ರ ನೀ ಮುನಿಸ್ಕೋತಿ ಅಂತ ಸುಮ್ಮನಿದ್ನಿ."

ಎತ್ತಿನ ಬಂಡಿಯ ವೇಗದಲ್ಲಿ ಸೇತುವೆ ದಾಟಿ ಕುಡಚಿಯ ಒಂದು ಗ್ಯಾರೇಜು ಸೇರಿದೆವು. ಮಿಸ್ತ್ರಿ ಕಾರನ್ನು ಜಾಕಿನ ಮೇಲೆ ಎತ್ತಿ, ಆಯಿಯ ಸೀಟಿನ ಕಡೆಯ ಮುಂದಿನ ಎಡಗಾಲಿಯ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದ. ಮುದುಕರ ಹಲ್ಲಿನ ಹಾಗೆ ಗಾಲಿ ಕಟಕಟ ಆಡಿತು. ಕೈಯಿಂದ ತಿರುಗಿಸಿದರೆ ಒಳಗೆ ಮರಳು ಬಿದ್ದಂತೆ ಗರಗರ ಸದ್ದು.

"ಬೇರಿಂಗ ಹೋಗ್ಯಾವ್ರಿ ಸಾವ್ಕಾರ್ರ. ಹಿಂಗ ಹೋದ್ರ ಗಾಲಿ ನಿಮಗಿಂತ ಮೊದಲ ಚಿಕ್ಕೋಡಿ ಮುಟ್ಟತೈತಿ."

ಬಿಚ್ಚಿ ತೋರಿಸಿದ. ಗ್ರೀಸು ಕಪ್ಪಗೆ ಸುಟ್ಟಿತ್ತು, ಬೇರಿಂಗಿನ ನುಣುಪು ಮೈಮೇಲೆಲ್ಲ ಕುಳಿ ಬಿದ್ದಿತ್ತು. ಹೊಸ ಬೇರಿಂಗು ಕುಡಚಿಯಲ್ಲಿ ಸಿಗಲಿಲ್ಲ. ಮಿಸ್ತ್ರಿ ತನ್ನ ಸ್ಕೂಟರಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು ರಾಯಬಾಗಕ್ಕೆ ಹೋದ. ಆಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗೋಣವೆಂದರೆ ಬಸ್ಸು ಹತ್ತಿದ ಕೂಡಲೇ ಆಕೆಗೆ ವಾಂತಿ. ಬಾಳೆಹಣ್ಣು ತರಲೇ ಎಂದೆ. "ಅದನ್ನ ತಿಂದ್ರ ಇವತ್ತಿಂದು ನನ್ನ ಊಟ ಅದ ಆತು. ಅಲ್ಲಿ ಆಕಿ ನನ್ನ ಸಲುವಾಗಿ ಕುಂತಾಳ," ಎಂದಳು.

ಅವರು ಮರಳಿ ಬಂದಾಗ ಬಿಸಿಲು ಹಳದಿಯಾಗಿತ್ತು. ದಾರಿಯಲ್ಲಿ ಅಪ್ಪ ಆಯಿಯ ಒಪ್ಪತ್ತಿನ ಮಾತನ್ನು ಮಿಸ್ತ್ರಿಗೆ ಹೇಳಿದ್ದ. ಮಿಸ್ತ್ರಿ ಹಳೆಯ ಬೇರಿಂಗಿನ ಬಳೆಗಳನ್ನು ಬಡಿದು ಹೊರಗೆ ತೆಗೆದ. ಹೊಸದಕ್ಕೆ ಅಂಗೈಯಿಂದ ಒತ್ತಿ ಒತ್ತಿ ಗ್ರೀಸು ತುಂಬುವುದನ್ನು ಆಯಿ ಹೋಳಿಗೆ ಮಾಡುವವರನ್ನು ನೋಡುವಷ್ಟು ಆಸಕ್ತಿಯಿಂದ ನೋಡಿದಳು. ಆದರೆ ಆಯಿ, ಮಿಸ್ತ್ರಿ ಇಬ್ಬರ ಕಣ್ಣೂ ನಡುನಡುವೆ ಪಡುವಣಕ್ಕೆ ಹೋಗುತ್ತಿತ್ತು. ಅದು ರಂಜಾನ್ ತಿಂಗಳು. ರೋಜಾ ಹಿಡಿದಿದ್ದ ಮಿಸ್ತ್ರಿಯೂ ಆ ಬಿಸಿಲಿನಲ್ಲಿ ಒಂದು ಗುಟುಕು ನೀರು ಕುಡಿದಿರಲಿಲ್ಲ. ಆಯಿ ಉಣ್ಣಬೇಕಾದರೆ ಸೂರ್ಯ ಮುಳುಗಬಾರದು, ಅವನು ಉಣ್ಣಬೇಕಾದರೆ ಮುಳುಗಬೇಕು. ಸೂರ್ಯ ಯಾರ ಮಾತು ಕೇಳಿಯಾನು ಎಂದು ನನಗೆ ಮೊದಲು ನಗು ಬಂತು. ಅವನು ಬೆವರು ಒರೆಸಿಕೊಳ್ಳದೆ, ಆಯಿಯ ಊಟ ತಪ್ಪಬಾರದೆಂದು ಸುತ್ತಿಗೆ ಬೀಸುತ್ತಿದ್ದುದನ್ನು ಕಂಡಾಗ ನಗು ನಿಂತಿತು.

ಸೂರ್ಯ ಮುಳುಗಿದ. ಮಸೀದಿಯಿಂದ ಬಾಂಗು ಕೇಳಿಸಿತು. ನಟ್ಟು ಬಿಗಿಯುವುದು ಇನ್ನೂ ಬಾಕಿ ಇತ್ತು. ಮಿಸ್ತ್ರಿ ತಲೆ ಎತ್ತಲಿಲ್ಲ.

"ಏಳ ತಮ್ಮಾ, ರೋಜಾ ಬಿಡ ಹೋಗ," ಎಂದಳು ಆಯಿ.

"ನಿಮ್ಮ ಊಟ ತಪ್ಪಸೀನ್ರಿ ಆಯಿ. ನನಗ ಹೆಂಗ ಗಂಟಲಾಗ ಇಳೀತೈತಿ?"

"ಹೊತ್ತ ಮುಣಗಿದ ಮ್ಯಾಲ ಉಣ್ಣಬಾರದಂತ ನನ್ನ ವ್ರತ. ಮುಣಗಿದ ಕೂಡ್ಲೆ ಉಣ್ಣಬೇಕಂತ ನಿಂದು. ನಂದು ನಾ ಪಾಳಸ್ತೀನಿ, ನಿಂದು ನೀ ಪಾಳಸ. ಏಳ!"

ಆ ದನಿಗೆ ಅಪ್ಪನೇ ಎದ್ದು ನಿಂತ. ಮಿಸ್ತ್ರಿ ಕೈ ತೊಳೆದು ಒಳಗೆ ಹೋದ. ಉಂಡು ಬಂದು ನಟ್ಟು ಬಿಗಿದ, ಬಿಗಿ ಹೆಚ್ಚಾಗದಿರಲೆಂದು ಮತ್ತೆ ಒಂದಿಷ್ಟೇ ಸಡಿಲಿಸಿ ಪಿನ್ನು ಹಾಕಿದ. ಗಾಲಿಯನ್ನು ತಿರುಗಿಸಿದ. ಸದ್ದೇ ಇರಲಿಲ್ಲ.

ಚಿಕ್ಕೋಡಿ ಮುಟ್ಟಿದಾಗ ಕತ್ತಲಾಗಿತ್ತು. ಆಯಿಯ ತಂಗಿ ಹೊಸ್ತಿಲಲ್ಲೇ ಕೂತಿದ್ದಳು, ಎಲುಬು ತೊಗಲು ಮಾತ್ರ ಉಳಿದಿದ್ದ ಹೆಂಗಸು. ಒಳಗೆ ಎರಡು ಮಣೆ ಹಾಕಿದ್ದವು, ಅಡುಗೆ ಮುಚ್ಚಿಟ್ಟಿತ್ತು. ಆಕೆಯೂ ಉಂಡಿರಲಿಲ್ಲ. ನನಗೆ ಅಳು ಬಂತು. ಅಪ್ಪ ಅಪರಾಧಿಯ ಹಾಗೆ ಕಾರಿನ ಹತ್ತಿರವೇ ನಿಂತ. ಆಯಿ ತಂಗಿಯ ಪಕ್ಕದಲ್ಲಿ ಕೂತು ಬಸದಿ, ಜಪ, ಗಾಲಿ, ಮಿಸ್ತ್ರಿಯ ರೋಜಾ ಎಲ್ಲವನ್ನೂ ಹೇಳಿದಳು.

"ಆ ಮಿಸ್ತ್ರಿ ಉಂಡಾನಿಲ್ಲೊ?" ಎಂದಳು ತಂಗಿ ಕೊನೆಗೆ.

"ಉಂಡಾನ. ನಾನ ಎಬ್ಬಿಸಿ ಕಳಿಸೇನಿ."

"ಹಂಗಾರ ಆತ ಬಿಡ," ಎಂದು ತಂಗಿ ಗೋಡೆ ಹಿಡಿದು ಎದ್ದು ಅಕ್ಕನಿಗೆ ಹಾಸಿಗೆ ಹಾಸಿದಳು.