ಹಬ್ಬವಿಲ್ಲದ ಮನೆಯಲ್ಲಿ ಬಿಳಿ ತಿಂಗಳು

ಯಂಜ್ಮಾ ದೊಡ್ಡಮ್ಮ ನಮ್ಮ ಕಾರಿನ ಗಾಜು ತಟ್ಟಿದಾಗ ಆಕೆ ಹುಡುಕುತ್ತಿದ್ದದ್ದು ನಮ್ಮನ್ನಲ್ಲ. ಅದು ನನಗೆ ತಿಳಿದದ್ದು ಆಮೇಲೆ.

ಅವತ್ತು ನಮ್ಮ ಹೊಸ ವರ್ಷದ, ಬಿಳಿ ತಿಂಗಳ ಹಬ್ಬದ ಹಿಂದಿನ ದಿನ. ಕತ್ತಲಾಗುವುದರೊಳಗೆ ಅಜ್ಜಿಯ ಮನೆ ಸೇರಿ, ಹೊಟ್ಟೆ ಬಿರಿಯ ಉಂಡು ಹಳೇ ವರ್ಷವನ್ನು ಕಳಿಸಬೇಕೆಂದು ನಾನು, ನನ್ನ ಗಂಡ ಝೋರಿಗ್, ಈಗಷ್ಟೇ ಹಲ್ಲು ಬರುತ್ತಿದ್ದ ಮಗ ಇವೇಲ್ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಒಂದು ಚೀಲ ಬೂಜ್ ಕಡುಬು, ಒಳಗೆ ಮಾಂಸ, ಹೊರಗೆ ಕಲ್ಲಿನಂತೆ ಹೆಪ್ಪುಗಟ್ಟಿದ್ದು. ಕಣಿವೆಗೆ ಇಳಿಯುವಷ್ಟರಲ್ಲಿ ಗಾಳಿ ಎದ್ದಿತು. ಆಕಾಶ ಯಾವುದು, ನೆಲ ಯಾವುದು ಗೊತ್ತಾಗದಂತೆ ಹಿಮ ಸುರಿಯಿತು. ದಾರಿ ತಪ್ಪಿದ ಕಾರು ಹೂತು ನಿಂತಿತು. ನಾನು ಮಗುವಿನ ಕೈಗಳಿಗೂ ಕಾಲುಚೀಲ ತೊಡಿಸಿ, ನಿಲುವಂಗಿಯ ಎದೆಯೊಳಗೆ ಸೇರಿಸಿಕೊಂಡು ಕೂತೆ.

ಆಗ ಗಾಜಿನ ಮೇಲೆ ಚಾವಟಿಯ ಹಿಡಿ ತಟ್ಟಿದ ಸದ್ದು. ಕುದುರೆಯ ಮೇಲೆ, ಹುಬ್ಬೆಲ್ಲ ಬೆಳ್ಳಗಾದ ಹೆಂಗಸು.

"ಹೆಣ ಆಗೋಕೆ ಒಳ್ಳೇ ಜಾಗ ಹುಡುಕ್ಕೊಂಡಿದೀರಿ. ಒಳಗೆ ಎಷ್ಟು ಜನ?"

"ಇಬ್ರು, ದೊಡ್ಡಮ್ಮ. ಜೊತೆಗೆ ಒಂದು ಮಗು," ಎಂದ ಝೋರಿಗ್.

ಆಕೆ ಗಾಳಿ ಹೋಗುತ್ತಿದ್ದ ದಿಕ್ಕಿಗೆ ತಿರುಗಿದಳು. ಏನೂ ಕಾಣದ ಬಿಳುಪನ್ನು ಅಷ್ಟು ಹೊತ್ತು ಏನು ನೋಡುತ್ತಾಳೆ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಇಳಿದು, ನನ್ನನ್ನೂ ಮಗುವನ್ನೂ ಕುದುರೆ ಹತ್ತಿಸಿ, ಲಗಾಮು ಹಿಡಿದು ಗಾಳಿಗೆ ಎದುರಾಗಿ ನಡೆದಳು. ಝೋರಿಗ್ ಕಡುಬಿನ ಚೀಲ ಹೊತ್ತು, ಜೀನಿನ ಪಟ್ಟಿ ಹಿಡಿದು ಬಂದ.

ಆಕೆಯ ಗುಡಾರದಲ್ಲಿ ಹಬ್ಬದ ಕುರುಹೇ ಇರಲಿಲ್ಲ. ರೊಟ್ಟಿಗಳ ಗೋಪುರವಿಲ್ಲ, ಬೇಯಿಸಿದ ಕುರಿಯಿಲ್ಲ. ಪೆಟ್ಟಿಗೆಯ ಮೇಲೆ ಒಬ್ಬ ಗಂಡಸಿನ ಫೋಟೋ, ಮುಂದೆ ಬೆಣ್ಣೆಯ ದೀಪ. ಚೀಲ ಬಿಚ್ಚಲು ಹೋದವಳು ಕೈ ಹಿಂದೆಗೆದೆ.

"ಚಳಿ ಶುರುವಾಗೋ ಮುಂಚೆ ಹೋದ, ನಮ್ಮ ಲ್ಹಾಗ್ವ. ವರ್ಷ ತುಂಬೋವರ್ಗೂ ಇಲ್ಲಿ ಹಬ್ಬ ಇಲ್ಲ, ಹಬ್ಬದ ನಮಸ್ಕಾರಾನೂ ಇಲ್ಲ. ಹಂಗಂತ ಹೊಟ್ಟೆಗೂ ಸೂತಕವೇನೇ? ಬೇಯಿಸು ಮಗಳೇ."

ಮಗುವಿನ ಮುಖ ನೋಡಿ, "ಥೂ, ಎಂಥಾ ಕುರೂಪಿ ಇದು!" ಎಂದಳು. ದೃಷ್ಟಿಯಾಗಬಾರದಲ್ಲ. ಇವೇಲ್ ಕೇಕೆ ಹಾಕಿ ನಕ್ಕ.

ಕಡುಬು ಬೇಯುವವರೆಗೆ ಆಕೆ ತನ್ನ ಕತೆ ಹೇಳಿದಳು. ಪೇಟೆಯ ಹಾಸ್ಟೆಲ್ಲೊಂದರಲ್ಲಿ ಅಡುಗೆಯವಳಾಗಿದ್ದಳಂತೆ. ತಲೆ ನರೆಯುವ ವಯಸ್ಸಿಗೆ ಲ್ಹಾಗ್ವನನ್ನು ಮದುವೆಯಾಗಿ ಇಲ್ಲಿಗೆ ಬಂದದ್ದು.

"ಸಾರಿನಲ್ಲಿ ಬೆಂದ ಕುರಿ ಬಿಟ್ಟರೆ ಬೇರೆ ಕುರಿ ಗೊತ್ತಿರ್ಲಿಲ್ಲ ನಂಗೆ. ಎಲ್ಲಾ ಅವನೇ ಕಲಿಸಿದ್ದು. ಈಗ ತಂಗಿ ದಿನಾ ಫೋನ್ ಮಾಡ್ತಾಳೆ, 'ಒಬ್ಬಳೇ ಯಾಕೆ ಸಾಯ್ತೀಯ, ಕುರಿ ಮಾರಿ ಬಾ' ಅಂತ. ಈ ಸಲ ಹುಟ್ಟೋ ಮರಿಗಳು ಬದುಕಿದ್ರೆ ಇಲ್ಲೇ ಉಳೀತೀನಿ. ಇಲ್ಲಾಂದ್ರೆ ಅವಳ ಮನೆ."

"ಕುರಿ ಎಲ್ಲಾ ದೊಡ್ಡೀಲಿ ಇದಾವಾ?" ಝೋರಿಗ್ ಸುಮ್ಮನೆ ಕೇಳಿದ.

ಆಕೆ ಒಲೆಗೆ ಒಣಸಗಣಿ ಹಾಕಿದಳು. "ಇಲ್ಲ. ಗಾಳಿ ಹಿಂದೇನೇ ಹೋಗ್ಬಿಟ್ಟಿದಾವೆ. ಅವನ್ನ ಹುಡುಕೋಕೇ ಹೊರಟಿದ್ದೆ."

ನನ್ನ ಕೈಯ ಸೌಟು ನಿಂತಿತು. ಝೋರಿಗ್ ಎದ್ದು ಬೂಟಿಗೆ ಕೈ ಹಾಕಿದ.

"ಕೂತ್ಕೊಳೋ ತಮ್ಮಾ. ಆಮೇಲೆ ನಿನ್ನನ್ನ ಯಾರು ಹುಡುಕ್ತಾರೆ?"

ಆಕೆ ಹೊಟ್ಟೆ ತುಂಬ ತಿಂದಳು, ನಮಗೂ ತಿನ್ನಿಸಿದಳು. ನಡುನಡುವೆ ಅಗಿಯುವುದನ್ನು ನಿಲ್ಲಿಸಿ ಗಾಳಿ ಕೇಳುತ್ತಿದ್ದಳು.

ಬೆಳಗಿಗೆ ಗಾಳಿ ನಿಂತಿತ್ತು. ಹಬ್ಬದ ಮೊದಲ ಬೆಳಗು. ಹುಟ್ಟಿದಂದಿನಿಂದ ಬಂದ ರೂಢಿ, ನಿಲುವಂಗಿಯ ತೋಳು ಸರಿಮಾಡಿಕೊಂಡು, ಹಿರಿಯರ ಮೊಣಕೈಗೆ ಆಸರೆ ಕೊಡುವಂತೆ ಎರಡೂ ಕೈ ಚಾಚಿ, "ಸುಖವಾಗಿದೀರಾ ದೊಡ್ಡಮ್ಮ?" ಎಂದುಬಿಟ್ಟೆ. ಆಕೆಯ ಕೈ ಮೇಲೇಳಲಿಲ್ಲ. ದೀಪದ ಹಿಂದಿನ ಫೋಟೋ ಕಂಡು ನನ್ನ ಕಿವಿ ಬಿಸಿಯಾಯಿತು.

"ಇಳಿಸು ಕೈನ. ಮುಂದಿನ ವರ್ಷ ಬಾ, ತಗೋತೀನಿ. ಈಗ ನಿನ್ನ ಗಂಡನ್ನ ಎಬ್ಬಿಸು."

ಅವರಿಬ್ಬರೂ ಕುರಿ ಹುಡುಕಲು ಹೋದರು. ನಾನು ಒಲೆ ಆರದಂತೆ ನೋಡಿಕೊಂಡು, ಉಪ್ಪು ಹಾಕಿದ ಹಾಲಿನ ಚಹಾ ಕಾಯಿಸಿ, ಮಗುವಿಗೆ ಮೊಲೆಯೂಡಿಸುತ್ತ ಕೂತೆ. ಆಕೆಯ ಜಾಗದಲ್ಲಿ ನಾನಿದ್ದಿದ್ದರೆ? ಕಾರಿನ ಬಳಿ ನಿಲ್ಲುತ್ತಿದ್ದೆ, ನಿಜ. ಆದರೆ ಕುರಿ ಹುಡುಕುವುದನ್ನು ಬಿಟ್ಟು ಬಂದೆನೆಂದು ಒಳಗಿದ್ದವರಿಗೆ ಹೇಳದೆ ಇರುತ್ತಿದ್ದೆನೇ? ಕೇಳುವವರೆಗೂ ಆಕೆ ಬಾಯಿಬಿಡಲಿಲ್ಲ. ನನ್ನ ಕೈಯಲ್ಲಿ ಅದು ಆಗುತ್ತಿರಲಿಲ್ಲ ಅನ್ನಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ದಿಬ್ಬದಾಚೆಯಿಂದ ಕುರಿಗಳು ನಿಧಾನವಾಗಿ ಬಂದವು. ಕಲ್ಲುಗುಡ್ಡದ ಮರೆಯಲ್ಲಿ ಒತ್ತೊತ್ತಾಗಿ ನಿಂತಿದ್ದವಂತೆ. ಗಾಳಿಯ ಕಡೆಗಿದ್ದವು ನಿಂತಲ್ಲೇ ಸತ್ತಿದ್ದವು. ಅವುಗಳ ಮರೆಯಲ್ಲಿ ಒಳಗಿದ್ದವು ಉಳಿದಿದ್ದವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

"ನಮ್ಮಿಂದಾಗಿ..." ಎಂದೆ.

"ಅಳೋಕೆ ಆಮೇಲೆ ಟೈಮ್ ಇದೆ. ಮೂಗಿನಲ್ಲಿ ಮಂಜು ಕಟ್ಕೊಂಡಿದೆ ನೋಡು, ಉಸಿರಾಡೋಕೆ ಆಗ್ತಿಲ್ಲ ಅವಕ್ಕೆ. ತೆಗಿ."

ಇವೇಲ್‌ನನ್ನು ಬೆನ್ನಿಗೆ ಕಟ್ಟಿಕೊಂಡು, ಅವನ ಲಂಗೋಟಿಗಳನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಒಂದೊಂದರ ಮೂಗಿನ ಮಂಜನ್ನೂ ಬಿಡಿಸತೊಡಗಿದೆ. ಹೊಸ ರೇಷ್ಮೆ ನಿಲುವಂಗಿಯ ತೋಳು ಮೊಣಕೈವರೆಗೆ ಸಿಂಬಳವಾಯಿತು. ನನ್ನ ಹಿಂದೆಯೇ ದೊಡ್ಡಮ್ಮ ಮಂಡಿಯೂರಿ, ಪ್ರತಿ ಕುರಿಯ ಹೊಟ್ಟೆಯಡಿ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಒಂದನ್ನು ಬಿಟ್ಟಳು, ಇನ್ನೊಂದನ್ನೂ ಸುಮ್ಮನೆ ಬಿಟ್ಟಳು. ಆಮೇಲೊಂದು ಕರಿಮುಖದ ಕುರಿಯ ಹತ್ತಿರ ಬಹಳ ಹೊತ್ತು ಕೂತಳು.

"ಒದೀತಿದೆ," ಎಂದಳು. ಮುಂದಿನದಕ್ಕೆ ಸರಿದು, "ಇದರಲ್ಲೂ ಇದೆ." ಇನ್ನೂ ಕೆಲವಾದ ಮೇಲೆ ಕೈಯನ್ನು ಉಣ್ಣೆಯಲ್ಲೇ ಬಿಟ್ಟು, "ಉಳೀತೀನಿ ಕಣೇ," ಎಂದಳು.

ನನಗೆ ಹೇಳಿದಳೋ, ಕುರಿಗೋ. ನಾನು ಬಟ್ಟೆ ಹಿಂಡಿ ಮುಂದಿನದರ ಮೂತಿ ಹಿಡಿದುಕೊಂಡೆ.