ತೂತಿಲ್ಲದ ಕಾರ್ಡು

ಹಳೆಯ ಅಂಚೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಹೆಚ್ಚಿನವಕ್ಕೆ ನಡುಮಧ್ಯದಲ್ಲಿ ತುಕ್ಕಿನ ಅಂಚಿನ ಒಂದು ತೂತು ಇರುತ್ತದೆ. ಬಂದ ಕಾಗದವನ್ನು ಓದಿದ ಮೇಲೆ ಗೋಡೆಗೆ ತೂಗುಹಾಕಿದ ಕಬ್ಬಿಣದ ತಂತಿಗೆ ಚುಚ್ಚಿಡುವುದು ನಮ್ಮ ಕಡೆಯ ಮನೆಗಳ ರೂಢಿ. ಮದುವೆ, ಬಾಣಂತನ, ಕೋರ್ಟಿನ ತಾರೀಕು, ಎಮ್ಮೆ ಕರು ಹಾಕಿದ್ದು, ಎಲ್ಲವೂ ಒಂದರ ಬೆನ್ನಿಗೊಂದು ಅಂಟಿಕೊಂಡು ಅಲ್ಲೇ ಹಳದಿಯಾಗುತ್ತಿದ್ದವು. ಸಂಗ್ರಾಹಕರೆಂಬ ಮಹಾಶಯರಿಗೆ ಈ ತೂತು ಕಂಡರಾಗದು. ಅವರ ಪರಿಭಾಷೆಯಲ್ಲಿ ಅದು ದೋಷ. ಕಾಗದವೊಂದು ಯಾರದೋ ಮನೆಯಲ್ಲಿ ಬಾಳಿ ಬದುಕಿದ್ದೇ ದೋಷವಾದರೆ ಇನ್ನು ಗುಣ ಯಾವುದು, ನೀವೇ ಹೇಳಿ.

ಇಷ್ಟು ಹರಿಹಾಯುವ ನಾನೂ ಅದೇ ಪಂಗಡದವಳು. ಮನೆಮನೆಗೆ ಫೋನು ಬಂದು ಕಾರ್ಡು ಬರೆಯುವವರು ಕಮ್ಮಿಯಾಗುತ್ತಿದ್ದ ತೊಂಬತ್ತರ ದಶಕದ ಕೊನೆಯಲ್ಲಿ, ಕುಮಟೆಯ ಶಾಲೆಯೊಂದರಲ್ಲಿ ಅಕ್ಕೋರಾಗಿದ್ದ ನನಗೆ ಈ ಹುಚ್ಚು ಹತ್ತಿತು. ಭಟ್ಕಳ, ಹೊನ್ನಾವರ, ಕುಮಟೆ, ಎಲ್ಲಿ ಪ್ರದರ್ಶನವಿದ್ದರೂ ಆಲ್ಬಮ್ಮನ್ನು ಬಗಲಲ್ಲಿಟ್ಟು ಹೊರಡುವುದೇ. ಗಂಡಸರೇ ತುಂಬಿದ ಆ ಸಭಾಭವನಗಳಲ್ಲಿ ಪ್ರತಿಸಲವೂ ಒಬ್ಬರಾದರೂ ಬಂದು, ಯಜಮಾನರು ಎಲ್ಲಿ ಕೂತಿದ್ದಾರೆಂದು ವಿನಯದಿಂದ ವಿಚಾರಿಸುತ್ತಿದ್ದರು. ಮನೆಯಲ್ಲಿ ಕೂತು ನನ್ನನ್ನು ನೋಡಿ ನಗುತ್ತಿದ್ದಾರೆಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಹಾಗೆಂದು ನಾನೇನು ಕಡಿಮೆಯಲ್ಲ. ಯಾರದೋ ಮನೆಯ ಗುಟ್ಟನ್ನು ನೆಂಟರಿಗೆ ಚಹಾದ ಜೊತೆ ಓದಿ ಹೇಳಿ ನಗಿಸಿದ ಪಾಪ ನನ್ನ ಲೆಕ್ಕದಲ್ಲೂ ಇದೆ.

ಒಂದು ವರ್ಷ ಕುಮಟೆಯ ಪ್ರದರ್ಶನಕ್ಕೆ ಹೊನ್ನಾವರದ ರಮಾಕಾಂತರು ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಬೆಣ್ಣೆ. ತೂತಿಲ್ಲದ ಕಾರ್ಡುಗಳನ್ನಷ್ಟೇ ಪ್ಲಾಸ್ಟಿಕ್ಕಿನಲ್ಲಿಟ್ಟು ಒಂದು ಹಲಗೆಯ ತುಂಬ ಜೋಡಿಸಿದ್ದರು. ನಟ್ಟನಡುವೆ, ವಿಳಾಸದ ಮಗ್ಗುಲು ಮೇಲಾಗಿ, ನಾಲ್ಕೂ ಮೂಲೆಗೆ ಮಸಿ ಬಳಿದ ಒಂದು ಕಾರ್ಡು. ಮಸಿಯ ಮೂಲೆ ಎಂದರೆ ಸಾವಿನ ಸುದ್ದಿ. ಅದನ್ನು ಅಂಗಳದಲ್ಲೇ ಓದಿ, ಅಲ್ಲೇ ಹರಿದು, ಕೈಕಾಲು ತೊಳೆದು ಒಳಗೆ ಬರಬೇಕು. ತಂತಿಯೇರುವ ಭಾಗ್ಯ ಅದಕ್ಕಿಲ್ಲ. ಕೆಳಗೊಂದು ಚೀಟಿ: 'ಅತ್ಯಪರೂಪ. ನಿರ್ದೋಷ. ಹಸ್ತಾಕ್ಷರ ಸುಂದರ.'

ಆ ಸುಂದರ ಹಸ್ತಾಕ್ಷರ ನನ್ನದು. ವಿಳಾಸ ಕತಗಾಲದ ನನ್ನ ಸೋದರತ್ತೆಯದು.

ಅಪ್ಪ ಹೋದಾಗ ನನಗೆ ಹದಿನಾರು. ಹೊಳನಗದ್ದೆಯ ಮನೆಯ ಜಗಲಿಯಲ್ಲಿ ಸೇರಿದ ಹಿರಿಯರೆಲ್ಲ, ಹುಡುಗಿಯ ಅಕ್ಷರ ಚಂದ, ಅವಳೇ ಬರೆಯಲಿ ಎಂದು ತೀರ್ಮಾನಿಸಿದರು. ನಮ್ಮ ತೀರ್ಥರೂಪರು ದೈವಾಧೀನರಾದರು ಎಂಬ ಒಂದೇ ವಾಕ್ಯವನ್ನು ನಲವತ್ತು ಕಾರ್ಡುಗಳಿಗೆ ಬರೆದೆ, ಮೂಲೆಗಳಿಗೆ ದೀಪದ ಮಸಿಯನ್ನೂ ನಾನೇ ಹಚ್ಚಿದೆ. ಸಾಲು ಸೊಟ್ಟಗಾದರೆ ದೊಡ್ಡಪ್ಪ ಮಾತಿಲ್ಲದೆ ಇನ್ನೊಂದು ಕಾರ್ಡು ಮುಂದೆ ದೂಡುತ್ತಿದ್ದ. ಈ ಹುಡುಗಿಗೂ ಅಳುವುದಕ್ಕೆ ಒಂದು ಗಳಿಗೆ ಬೇಕೇನೋ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಂದಿಗೂ ಯಾರಾದರೂ ನನ್ನ ಅಕ್ಷರವನ್ನು ಮುತ್ತಿಗೆ ಹೋಲಿಸಿದರೆ ಮೈ ಉರಿಯುತ್ತದೆ.

ಕೈ ತಾನಾಗಿ ಪ್ಲಾಸ್ಟಿಕ್ಕಿನೊಳಗೆ ಹೋಯಿತು.

"ಮುಟ್ಟಬೇಡಿ ಮೇಡಂ, ಬೆವರಿನ ಕಲೆ ಆಗ್ತದೆ," ಎಂದರು ರಮಾಕಾಂತರು.

"ಇದನ್ನ ಬರೆದವಳು ನಾನು. ಸತ್ತವರು ನನ್ನ ಅಪ್ಪ," ಎಂದೆ.

ಅವರು ನಿಜಕ್ಕೂ ಹಿಗ್ಗಿದರು. ಬರೆದವರೇ ಸಿಕ್ಕಿದ್ದು ಅವರ ಸಂಗ್ರಹಕ್ಕೆ ಇನ್ನೊಂದು ಗರಿಯಂತೆ. ಹಲಗೆಯ ಪಕ್ಕ ನಿಂತರೆ ಒಂದು ಫೋಟೋ ತೆಗೆಯುತ್ತಾರಂತೆ. ಅವರ ಕುತ್ತಿಗೆ ಹಿಡಿಯದೆ ಬಂದದ್ದು ನನ್ನ ಮೂವತ್ತು ವರ್ಷಗಳ ಮಾಸ್ತರಿಕೆಯ ಸಂಯಮ. ಕಡೆಗೆ, ರಂಗೂನಿನಿಂದ ಭಟ್ಕಳದ ಮನೆಯೊಂದಕ್ಕೆ ಬಂದಿದ್ದ ಬಣ್ಣದ ಕಾರ್ಡನ್ನು, ನನ್ನ ಆಲ್ಬಮ್ಮಿನ ಕಿರೀಟವನ್ನು, ಬದಲಿಗೆ ಕೊಡುತ್ತೇನೆಂದಾಗ ಒಪ್ಪಿದರು. ಒಪ್ಪುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ತೂತು ಹುಡುಕಿದರು, ಪುಣ್ಯಾತ್ಮರು.

ಹರಿಯಲೆಂದೇ ಹೊರಗೆ ತಂದೆ. ಹರಿಯುವ ಮೊದಲು ಒಮ್ಮೆ ಹಿಂದೆ ತಿರುಗಿಸಿದೆ. ಆ ಒಂದೇ ವಾಕ್ಯದ ಕೆಳಗೆ, ಉಳಿದ ಮೂವತ್ತೊಂಬತ್ತರಲ್ಲಿ ಇಲ್ಲದ, ನಾನು ಪೂರ್ತಿ ಮರೆತಿದ್ದ ಇನ್ನೊಂದು ಸಣ್ಣ ಸಾಲು: 'ಅತ್ತೆ, ನೀನು ಬೇಗ ಬಾ. ಇಲ್ಲಿ ಎಲ್ಲರೂ ನನ್ನ ಕೈಲಿ ಬರೆಸುತ್ತಿದ್ದಾರೆ.'

ಮರುದಿನವೇ ಕತಗಾಲದ ಬಸ್ಸು ಹತ್ತಿದೆ. ಎರಡನೇ ಇಯತ್ತೆ ಓದಿದ, ಎಂಬತ್ತು ದಾಟಿದ ಅತ್ತೆ ಜಗಲಿಯಲ್ಲಿ ಕೂತು ವೀಳ್ಯದೆಲೆ ಒರೆಸುತ್ತಿದ್ದಳು. ಆಗಲೇ ಹರಿದು ಹಾಕಿದ್ದರೆ ನನ್ನ ಸಂಕಟ ಊರವರ ಪ್ರದರ್ಶನವಾಗುತ್ತಿತ್ತೇ ಎಂದು ಬಂದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿದೆ. ಅವಳಿಗೆ ಕಾರ್ಡು ಮನೆ ಬಿಟ್ಟದ್ದೇ ಗೊತ್ತಿರಲಿಲ್ಲ. ಬಿಸ್ಕೀಟಿನ ಡಬ್ಬಿಯಲ್ಲಿಟ್ಟು ಜಗಲಿಯ ಮಾಡಿನ ಸಂದಿಗೆ ಸೇರಿಸಿದ್ದಳಂತೆ. ಒಳಗೆ ತರಲು ಅವಳ ಅತ್ತೆ ಬಿಡಲಿಲ್ಲ, ಹರಿಯಲು ಇವಳಿಗೆ ಮನಸ್ಸಾಗಲಿಲ್ಲ. ಹೊಸ ಹಂಚು ಹೊದೆಸುವಾಗ ಡಬ್ಬಿ ಗುಜರಿಯವನ ಪಾಲಾಗಿರಬೇಕು.

"ಅದು ಸತ್ತ ಕಾಗದ ಅಲ್ಲ ತಂಗೀ," ಎಂದಳು ಅತ್ತೆ. "ನೀ ನನ್ನ ಕರ್ದ ಕಾಗದ. ಬಾ ಅಂದದ್ದನ್ನ ಹರಿಯೂದು ಹೆಂಗೆ?"

ಬಂದಿದ್ದಳು ಹೌದು. ಕ್ರಿಯೆಗೆ ಇನ್ನೂ ಎಷ್ಟೋ ದಿನವಿರುವಾಗಲೇ ಬಂದು, ಯಾರನ್ನೂ ಮಾತಾಡಿಸದೆ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದು, ಬೆರಳಿನ ಮಸಿಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದಳು. ಅಲ್ಲಿ ನಾನು ಅತ್ತಿದ್ದೆ. ಅವಳು ಅಷ್ಟು ಬೇಗ ಬಂದದ್ದು ಯಾಕೆಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ.

ಕುಮಟೆಗೆ ಮರಳಿದವಳು ಗೋಡೆಯ ತಂತಿಯನ್ನು ಇಳಿಸಿದೆ. ಕಾರ್ಡಿನ ನಡುಮಧ್ಯಕ್ಕೆ ತಂತಿಯ ತುದಿ ಇಟ್ಟಾಗ, ಅಪರೂಪದ ಪ್ರತಿ ಹಾಳಾಗುತ್ತದೆಂದು ಒಳಗಿನ ಸಂಗ್ರಾಹಕಿ ಒಮ್ಮೆ ಗೊಣಗಿದಳು. ಹಳೆಯ ಕಾಗದ, ಗಟ್ಟಿಯಾಗಿತ್ತು. ನನ್ನಲ್ಲಿ ಸಿಟ್ಟು ಇನ್ನೂ ಇತ್ತು, ಒತ್ತಿದೆ.